ಕಾರವಾರ: ಹೋಗಿಬರುವ ದಾರಿಗಳ ಇತಿಹಾಸ

ಉತ್ತರ ಕನ್ನಡ ಜಿಲ್ಲೆಯ ಆಡಳಿತ ಕೇಂದ್ರ ಕಾರವಾರ, ಕಾಳಿ ನದಿ ಕಡಲು ಸೇರುವಲ್ಲಿ, ನದಿಯ ದಕ್ಷಿಣ ದಡದಲ್ಲಿದೆ. ರಸ್ತೆಯಲ್ಲಿ ಹುಬ್ಬಳ್ಳಿಗೆ ಸುಮಾರು 165 ಕಿ.ಮೀ., ಮಂಗಳೂರಿಗೆ ಸುಮಾರು 270 ಕಿ.ಮೀ.; ಗೋವಾ ಗಡಿ ಹದಿನೈದು ಕಿ.ಮೀ. ಆಸುಪಾಸಿನಲ್ಲೇ ಸಿಗುತ್ತದೆ. ಈ ಊರಿಗೆ ಹೋಗಿಬರುವುದು ಬಹುಕಾಲ ತ್ರಾಸದ ಕೆಲಸವಾಗಿದ್ದುದಕ್ಕೆ ಸಹ್ಯಾದ್ರಿಯೇ ಕಾರಣವೆಂಬುದು ಸಾಮಾನ್ಯ ವಿವರಣೆ. ಆದರೆ ಘಟ್ಟ ಇದ್ದಲ್ಲೇ ಇದೆ. ದಾರಿಗಳು ಮಾತ್ರ ಕಾಲಕಾಲಕ್ಕೆ ತೆರೆದಿವೆ, ಮುಚ್ಚಿವೆ. ಅವುಗಳ ಬೆನ್ನು ಹಿಡಿದು ಹೋದರೆ ಘಟ್ಟಕ್ಕಿಂತ ಹೆಚ್ಚು ಸಲ ಎದುರಾಗುವುದು ಆಡಳಿತದ ಗಡಿ.

17ನೇ ಶತಮಾನದಲ್ಲಿ ಮೆಣಸಿನ ವ್ಯಾಪಾರಕ್ಕೆ ಇಂಗ್ಲಿಷರು ಕೋಠಿ ಇಟ್ಟ ಕಾರವಾರವೂ ಈಗಿನ ಪಟ್ಟಣವೂ ಒಂದೇ ಜಾಗವಲ್ಲ. ಹಳೆಯ ಊರು ನದಿಯ ಮೇಲ್ಭಾಗದಲ್ಲಿ, ಮೂರು ಮೈಲಿ ಪೂರ್ವಕ್ಕಿತ್ತು. ಇಂದಿನ ಪಟ್ಟಣ ಹುಟ್ಟಿದ್ದು 1860ರ ದಶಕದಲ್ಲಿ, ಹತ್ತಿಯ ನೆಪದಿಂದ. ಧಾರವಾಡ ಸೀಮೆಯ ಹತ್ತಿ ಅಲ್ಲಿಯವರೆಗೆ ಎತ್ತಿನ ಮೇಲೆ ಕುಮಟಾ ಬಂದರಿಗೆ ಇಳಿಯುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಹೆಸರೇ ಬಿದ್ದಿತ್ತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡದ ಬಂದರಿನ ಮೇಲೆ ಬಿತ್ತು. ತೊಡಕೆಂದರೆ, ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಅದು ಇಳಿಯಬೇಕಾದ ಕರಾವಳಿ ಮದರಾಸು ಪ್ರಾಂತದಲ್ಲಿತ್ತು. ಹತ್ತಿ ಇಳಿಸಲು ಬೇಕಾಗಿದ್ದ ಕೈಗಾ ಘಟ್ಟದ ರಸ್ತೆಯ ಕೆಳಭಾಗ ಮಾಡಿಸಬೇಕಾದ ಮದರಾಸಿಗೆ ಅದರಿಂದ ಲಾಭವಿರಲಿಲ್ಲ, ಹಾಗಾಗಿ ಅವಸರವೂ ಇರಲಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದ್ದರ ಹಿಂದೆ ಈ ರಸ್ತೆಯ ಜಗಳವೂ ಇತ್ತು. ಜಿಲ್ಲೆಯ ಕಚೇರಿಗಳು ಹೊನ್ನಾವರದಿಂದ ಕಾರವಾರಕ್ಕೆ ಬಂದವು.

ಯುದ್ಧ 1865ರಲ್ಲಿ ಮುಗಿದು ಹತ್ತಿಯ ಬೆಲೆ ಕುಸಿಯಿತು. ಕಾರವಾರ–ಹುಬ್ಬಳ್ಳಿ ರೈಲಿನ ಪ್ರಸ್ತಾವ ಕಾಗದದಲ್ಲೇ ಉಳಿಯಿತು. ಘಟ್ಟದ ವಾದ ಹೆಚ್ಚಾಗಿ ಕೇಳಿಬರುವುದೂ ಇಲ್ಲೇ, ಸೋಲುವುದೂ ಇಲ್ಲೇ. 1878ರ ಆಂಗ್ಲೋ–ಪೋರ್ಚುಗೀಸ್ ಒಪ್ಪಂದದ ನಂತರ ಇದೇ ಸಹ್ಯಾದ್ರಿಯನ್ನು ಕೊರೆದು ಮರ್ಮಗೋವಾಕ್ಕೆ ರೈಲು ಹಾಕಲಾಯಿತು. 1888ರ ಹೊತ್ತಿಗೆ ಅದು ಹುಬ್ಬಳ್ಳಿಯ ಕಡೆಯ ಮಾರ್ಗಕ್ಕೆ ಕೂಡಿಕೊಂಡಿತು. ರೈಲು ಘಟ್ಟ ಇಳಿಯಲು ಶುರುಮಾಡುವ ಕ್ಯಾಸಲ್‌ರಾಕ್ ನಿಲ್ದಾಣ ಉತ್ತರ ಕನ್ನಡದಲ್ಲೇ ಇದೆ. ಅಲ್ಲಿ 37 ಅಡಿಗೆ ಒಂದಡಿ ಇಳಿಜಾರು ಅಡ್ಡಿಯಾಗದಿದ್ದರೆ ಕಾರವಾರದ ದಾರಿಗೆ ಮಾತ್ರ ಘಟ್ಟ ಅಡ್ಡಿಯಾಯಿತೆನ್ನುವುದು ಕಷ್ಟ. ಬಂಡವಾಳಕ್ಕೆ ಪೋರ್ಚುಗೀಸ್ ಸರ್ಕಾರ ಖಾತರಿ ಕೊಟ್ಟಿದ್ದು ನಿಜ, ಹಾಗಾಗಿ ಇದು ಹಣದ ಪ್ರಶ್ನೆ ಎನ್ನಬಹುದು. ಆದರೆ ಜಿಲ್ಲೆಯ ರೈಲು ಪರರಾಜ್ಯದ ಬಂದರಿಗೆ ಇಳಿಯಿತು ಎಂಬುದು ಅದರಿಂದ ಬದಲಾಗದು.

ಹೀಗಾಗಿ ಪ್ರಯಾಣಿಕರಿಗೆ ಕಡಲೇ ಹೆದ್ದಾರಿ. ಮುಂಬಯಿಯ ಆಗಬೋಟುಗಳು ಬೈತಖೋಲದ ಬಳಿ ಲಂಗರು ಹಾಕುತ್ತಿದ್ದವು, ಜನ ಅಲ್ಲಿಂದ ದೋಣಿಯಲ್ಲಿ ದಡಕ್ಕೆ ಬರುತ್ತಿದ್ದರು. ಮಳೆಗಾಲದಲ್ಲಿ ಆ ಸಂಚಾರವೂ ಬಂದ್. ಈ ಕಾಲದ ಅತಿ ಪ್ರಸಿದ್ಧ ಅತಿಥಿ ರವೀಂದ್ರನಾಥ ಠಾಕೂರರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಭೇಟಿಯ ವರ್ಷ ಹಲವೆಡೆ 1882 ಎಂದು ಅಚ್ಚಾಗಿದೆ. ಮದುವೆ ಕಾರವಾರದಿಂದ ಹಿಂದಿರುಗಿದ ಕೆಲವೇ ಕಾಲದಲ್ಲಿ ಆಯಿತೆಂದು ಅವರೇ ಬರೆದಿದ್ದಾರೆ, ಮದುವೆ 1883ರ ಡಿಸೆಂಬರಿನದು. ಆದ್ದರಿಂದ 1883 ಹೆಚ್ಚು ಹೊಂದುತ್ತದೆ. ಕಾಳಿ ನದಿಯಲ್ಲಿ ಸಣ್ಣ ದೋಣಿಯಲ್ಲಿ ಮೇಲಕ್ಕೆ ಹೋಗಿ, ಬೆಳದಿಂಗಳಲ್ಲಿ ಇಳಿದುಬಂದು, ಮರಳ ಮೇಲೆ ನಡೆದು ಮನೆ ಸೇರಿದ್ದನ್ನು ಅವರ ಆತ್ಮಕಥನ ವಿವರಿಸುತ್ತದೆ. ಊರೊಳಗಿನ ಅಂದಿನ ಓಡಾಟಕ್ಕೆ ಇಷ್ಟು ಹತ್ತಿರದ ಸಾಕ್ಷ್ಯ ಅಪರೂಪ.

1961ರ ಡಿಸೆಂಬರಿನವರೆಗೆ ಗೋವಾ ಗಡಿಯ ಮಾಜಾಳಿಯ ಆಚೆ ಪರದೇಶ. 1955ರಲ್ಲಿ ಭಾರತ ಗೋವಾದ ಜೊತೆಗಿನ ಸಂಚಾರ ನಿಲ್ಲಿಸಿದ ಮೇಲೆ ಉತ್ತರದ ರಸ್ತೆ ಅಲ್ಲಿಗೇ ಮುಗಿಯುತ್ತಿತ್ತು. ಗಡಿ ಅಳಿದ ಮೇಲೂ ಕಾಳಿಗೆ ಸೇತುವೆ ಬರಲು 1983ರವರೆಗೆ ಕಾಯಬೇಕಾಯಿತು. ಅಲ್ಲಿಯ ತನಕ ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ತಾರಿಯೇ ಗತಿ. ಈ ಇಪ್ಪತ್ತೆರಡು ವರ್ಷಗಳನ್ನು ಗಡಿಯ ವಾದ ವಿವರಿಸಲಾರದು. ಇಲ್ಲಿ ನದಿಯದ್ದೇ ತಕರಾರು.

ಕೊಂಕಣ ರೈಲು 1998ರ ಜನವರಿ 26ರಂದು ಪೂರ್ತಿಯಾಗಿ ಆರಂಭವಾದಾಗ ಕಾರವಾರದ ಒಂಟಿತನ ಮುಗಿಯಿತೆಂದು ಬರೆಯುವುದು ವಾಡಿಕೆ. ಮುಂಬಯಿ, ಮಂಗಳೂರುಗಳ ಮಟ್ಟಿಗೆ ಅದು ಸರಿ. ನಿಲ್ದಾಣ ಊರ ಹೊರಗೆ ಶಿರವಾಡದಲ್ಲಿದ್ದು, ಇಳಿದವರು ರಿಕ್ಷಾ ಹಿಡಿಯಬೇಕು. ಆದರೆ ಒಳನಾಡಿಗೆ ಸುತ್ತುದಾರಿಯೇ: ಬೆಂಗಳೂರಿನಿಂದ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ ಹಾಸನ, ಸುಬ್ರಹ್ಮಣ್ಯದ ಮೂಲಕ ಕರಾವಳಿಗಿಳಿದು ಉತ್ತರಕ್ಕೆ ತಿರುಗುತ್ತದೆ. ಈಶಾನ್ಯದ ಹುಬ್ಬಳ್ಳಿಗೆ ಇಂದಿಗೂ ಬಸ್ಸು ಅರಬೈಲ್ ಘಟ್ಟ ಹತ್ತಿಯೇ ಹೋಗಬೇಕು. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. ಈ ಅಡ್ಡಿಯನ್ನು ಹಳೆಯ ಗಡಿ ಜಗಳದ ಮುಂದುವರಿಕೆ ಎನ್ನಲಾಗದು: 1880ರ ದಶಕದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಈಗ ಕೇಳಲಾಗುತ್ತಿದೆ. ಅಂದೇ ರೈಲು ಇಳಿದಿದ್ದರೆ ಇಂದು ಹೊಸದಾಗಿ ಕಾಡು ಕಡಿಯುವ ಮಾತು ಬರುತ್ತಿರಲಿಲ್ಲ ಎಂಬಷ್ಟೇ ಎರಡರ ನಂಟು.

ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆ ಹೊಸದೊಂದು ಗಡಿ ಎಳೆದಿದೆ. 2005ರಲ್ಲಿ ಈ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಅರ್ಗಾದ ಕಡಲತೀರ ಈಗ ಸಾರ್ವಜನಿಕರಿಗಿಲ್ಲ. ಉತ್ತರಕ್ಕೆ, 2024ರ ಆಗಸ್ಟ್ 7ರ ನಸುಕಿಗೆ ಮುನ್ನ ಕಾಳಿಯ ಹಳೆಯ ಸೇತುವೆ ಕುಸಿದು, ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕುಳಿದರು. ಚತುಷ್ಪಥಕ್ಕಾಗಿ ಪಕ್ಕದಲ್ಲೇ ಕಟ್ಟಿದ್ದ ಹೊಸ ಸೇತುವೆ ಇಲ್ಲದಿದ್ದರೆ ಗೋವಾ ರಸ್ತೆ ಮತ್ತೆ ತಾರಿಯ ಕಾಲಕ್ಕೆ ಹೋಗುತ್ತಿತ್ತು. ಮಡಗಾಂವ್‌ಗೆ ಗೋವಾದ ಕದಂಬ ಸಾರಿಗೆಯ ಬಸ್ಸುಗಳು ಈ ಹೊಸ ಸೇತುವೆಯ ಮೇಲೆಯೇ ಓಡುತ್ತವೆ. ವಿಮಾನ ಹಿಡಿಯುವವರೂ ಅದೇ ದಾರಿಯಲ್ಲಿ ದಾಬೋಲಿಮ್‌ಗೆ ಹೋಗುತ್ತಾರೆ. ಅಂಕೋಲಾ ಬಳಿಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನನೆಲೆಯ ಜೊತೆಗೇ ನಾಗರಿಕ ನಿಲ್ದಾಣವನ್ನೂ ಕಟ್ಟುವ ಯೋಜನೆಯಿದೆ.