ಕೌಂಟರ್ ಎಷ್ಟು ದೂರ?

ಕಳೆದ ತಿಂಗಳು ಮೈಗ್ರೇಷನ್ ಸರ್ಟಿಫಿಕೇಟಿಗಾಗಿ ಫೋರ್ಟ್ ಕೊಚ್ಚಿಯಿಂದ ರಾತ್ರಿ ಹೊರಟು ಒಂದು ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಒಂದನೇ ಕೌಂಟರಿನವರು ಮೂರನೆಯದಕ್ಕೆ ಕಳಿಸಿದರು. ಮೂರನೆಯವರು ಚಲನ್ ತನ್ನಿ ಎಂದರು. ತರುವಷ್ಟರಲ್ಲಿ ಅವರಿಗೆ ಊಟದ ಹೊತ್ತು. ಹೊರಗಿನ ಮೆಟ್ಟಿಲಲ್ಲಿ ಕೂತು ಕಾಸರಗೋಡಿಗೆ ಫೋನು ಮಾಡಿ ಗೊಣಗಿದೆ. ದೊಡ್ಡಪ್ಪ ನಕ್ಕರು: "ನಿಂದು ಒಂದು ರಾತ್ರಿಯ ದಾರಿ ಮಾರಾಯ. ನಾವು ಎರ್ನಾಕುಳಂನಲ್ಲಿ ರೈಲು ಬದಲಿಸಬೇಕಿತ್ತು."

ಅವರು ಹೇಳಿದ್ದು ನಿಜ. 1976ರ ತನಕ ಎರ್ನಾಕುಳಂನಿಂದ ತಿರುವನಂತಪುರಕ್ಕೆ ಪೂರ್ತಿ ಬ್ರಾಡ್‌ಗೇಜ್ ಇರಲಿಲ್ಲ. ಪೆಟ್ಟಿಗೆ ಹೊತ್ತು ಮೀಟರ್‌ಗೇಜ್ ರೈಲು ಹತ್ತಬೇಕು.

ಆದರೆ ಕಾಸರಗೋಡಿನ ಹುಡುಗನಿಗೆ ತಿರುವನಂತಪುರದಲ್ಲೇನು ಕೆಲಸ? 1937ರ ನವೆಂಬರ್ 1ರಂದು ಹುಟ್ಟಿದ ತಿರುವಾಂಕೂರು ವಿಶ್ವವಿದ್ಯಾಲಯ ಆ ರಾಜ್ಯದ್ದು ಮಾತ್ರ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಅಂದರೆ ಮದ್ರಾಸಿನಲ್ಲಿ. ತಮಾಷೆಯೆಂದರೆ ನಾನೀಗ ಬಾಡಿಗೆಗಿರುವ ಫೋರ್ಟ್ ಕೊಚ್ಚಿಯೂ ಕೊಚ್ಚಿ ಮಹಾರಾಜರದ್ದಲ್ಲ. ಬ್ರಿಟಿಷ್ ಕೊಚ್ಚಿಯೆಂದು ಮಲಬಾರ್ ಜಿಲ್ಲೆಗೆ, ಅದರ ಮೂಲಕ ಮದ್ರಾಸಿಗೇ ಸೇರಿತ್ತು. ನನ್ನ ಎರಡೂ ಊರುಗಳಿಗೆ ಮೊಹರು ಬೀಳುತ್ತಿದ್ದದ್ದು ಒಂದೇ ಕಡೆ.

1956ರ ನವೆಂಬರ್ 1ರಂದು ಗಡಿ ಬಿತ್ತು. ಮರುವರ್ಷ ತಿರುವಾಂಕೂರಿನದ್ದು ಕೇರಳ ವಿಶ್ವವಿದ್ಯಾಲಯವಾಯಿತು, ಕಾಸರಗೋಡಿನಲ್ಲಿ ಸರ್ಕಾರಿ ಕಾಲೇಜು ತೆರೆಯಿತು. ಬಡಗಿಗೆ ಐವತ್ತು ಕಿಲೋಮೀಟರಿನಲ್ಲಿ ಮಂಗಳೂರು. ಅರ್ಜಿ ಹೋಗಬೇಕಾದದ್ದು ತೆಂಕಿಗೆ, 500ಕ್ಕೂ ಹೆಚ್ಚು ಕಿಲೋಮೀಟರ್. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಿನ ನೆಲ ಕರ್ನಾಟಕಕ್ಕೆ ಸೇರಲಿ ಎಂದಿತು. ಕಾಲೇಜು ಇರುವುದು ಆ ಕಡೆಯೇ. ವರದಿ ಜಾರಿಯಾಗಲಿಲ್ಲ.

1968ರಲ್ಲಿ ಕ್ಯಾಲಿಕಟ್, 1996ರಲ್ಲಿ ಕಣ್ಣೂರು ವಿಶ್ವವಿದ್ಯಾಲಯ ಬಂದವು. ದಾರಿ ಪ್ರತಿಸಲವೂ ಗಿಡ್ಡವಾಯಿತು, ನಿಜ. ಭಾಷೆಯ ದೂರ ಹಾಗೆ ಕಡಿಮೆಯಾಗಲಿಲ್ಲ ಎನ್ನುವುದು ನನ್ನ ತಕರಾರು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು. ಆದರೆ ಕೌಂಟರಿನ ಮುಂದೆ ನಿಂತವನಿಗೆ ಕೆಲಸ ಬೇಗ ಆಗಬೇಕು. ಹಕ್ಕು ನೆನಪಾಗುವುದು ಬಸ್ಸು ಹತ್ತಿದ ಮೇಲೆ.

"ಅರ್ಜಿ ಯಾವ ಭಾಷೆಯಲ್ಲಿ ಬರೆದದ್ದು?" ದೊಡ್ಡಪ್ಪ ಕೇಳಿದರು.

"ಇಂಗ್ಲಿಷಿನಲ್ಲಿ."

"ನಾವೂ ಹಾಗೇ ಬರೆದದ್ದು," ಎಂದರು. ಅಷ್ಟರಲ್ಲಿ ಕೌಂಟರ್ ತೆರೆಯಿತು, ಫೋನು ಇಟ್ಟೆ.