ಜೋಜಿಲಾ ಮತ್ತು ಒಂದು ನವೆಂಬರ್ ಒಂದು

ಏಪ್ರಿಲ್ ಬಂತೆಂದರೆ ಮೈಸೂರಿನಿಂದ ಭಾವನ ಫೋನು. "ನೀನು ಅಲ್ಲೇ ಇದ್ದೀಯಲ್ಲಪ್ಪ, ಶ್ರೀನಗರದಿಂದ ಲೇಹ್‌ಗೆ ಕಾರಲ್ಲೇ ಹೋಗೋಣ ಅಂತಿದ್ದೀವಿ. ಜೋಜಿಲಾ ತೆಗೆದಿದ್ದಾರಾ?" ದೆಹಲಿಯಲ್ಲಿರುವವರಿಗೆ ಹಿಮಾಲಯವೆಂದರೆ ಮನೆಯ ಹಿತ್ತಿಲು ಎಂಬುದು ಊರಿನವರ ನಂಬಿಕೆ. ನಾನೂ ಗೊತ್ತಿರುವವನ ಹಾಗೆ "ಮೇ ಕೊನೆಗೆ ಬನ್ನಿ ಭಾವ" ಎನ್ನುತ್ತೇನೆ. ಅವರ ಪ್ರಶ್ನೆ ಮಾತ್ರ ಹಳೆಯದು. 1948ರಲ್ಲಿ ಇದೇ ಪ್ರಶ್ನೆಯನ್ನು ತಿರುವುಮುರುವಾಗಿ ಕೇಳಿಕೊಂಡವರು ಕೊಡಗಿನ ಒಬ್ಬ ಜನರಲ್: ಕಣಿವೆ ಯಾವಾಗ ತೆರೆಯುತ್ತದೆ ಎಂದಲ್ಲ, ಯಾವಾಗ ಮುಚ್ಚಿಹೋಗುತ್ತದೆ ಎಂದು.

ಜೋಜಿಲಾ ಅಂಥಾ ಎತ್ತರವೇನಲ್ಲ. 3,528 ಮೀಟರ್, ಅಂದರೆ ರೋಹ್ತಾಂಗ್‌ಗಿಂತಲೂ ತಗ್ಗು. (ಲಡಾಖಿ ಭಾಷೆಯಲ್ಲಿ 'ಲಾ' ಎಂದರೇ ಕಣಿವೆದಾರಿ, ನಾವು 'ಜೋಜಿಲಾ ಪಾಸ್' ಎನ್ನುವುದು 'ಗೇಟುಬಾಗಿಲು' ಎಂದ ಹಾಗೆ.) ಕಷ್ಟವಿರುವುದು ಎತ್ತರದಲ್ಲಲ್ಲ, ಅದು ನಿಂತಿರುವ ಜಾಗದಲ್ಲಿ. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರುವ ತೇವದ ಮಾರುತ ಕಾಶ್ಮೀರ ದಾಟಿ ಇಲ್ಲಿನ ಗೋಡೆಗೆ ಬಡಿದು ಮೇಲೇರಿ, ಹೊತ್ತು ತಂದದ್ದನ್ನೆಲ್ಲ ಹಿಮವಾಗಿ ಸುರಿಯುತ್ತದೆ. ಆಗುಂಬೆಯಲ್ಲಿ ಸುರಿದ ಮೋಡ ಚಿತ್ರದುರ್ಗಕ್ಕೆ ಹೋಗುವಷ್ಟರಲ್ಲಿ ಬರಿದಾಗುವುದಿಲ್ಲವೇ, ಹಾಗೆಯೇ ಲಡಾಖ್ ಒಣಗಿರುತ್ತದೆ, ಬಾಲ್ತಾಲ್‌ನ ಏರು ಹಿಮದಲ್ಲಿ ಹೂತುಹೋಗುತ್ತದೆ. ಹಿಂದೆ ಚಳಿಗಾಲದಲ್ಲಿ ದಾಟುತ್ತಿದ್ದವರು ಬೇಸಿಗೆಯ ಹಾದಿಯನ್ನು ಬಿಟ್ಟು, ಹಿಮ ತುಂಬಿ ಮಟ್ಟವಾದ ಕೊರಕಲಿನ ಮೇಲೆಯೇ ನಡೆಯುತ್ತಿದ್ದರು. ಅದೂ ಬೆಳಗಿನ ಜಾವ. ಬಿಸಿಲೇರಿ ಹಿಮ ಸಡಿಲವಾದರೆ ಮೇಲಿನಿಂದ ಕುಸಿಯುವ ಭಯ.

1948ರ ಫೆಬ್ರವರಿಯಲ್ಲಿ ಹಾಗೆ ದಾಟಿದವರೂ ಇದ್ದಾರೆ. ಲಾಹೌಲಿನವರಾದ ಪೃಥಿ ಚಂದ್ ಎಂಬ ಅಧಿಕಾರಿ ತಮ್ಮ ಸೀಮೆಯ ಕೆಲವೇ ಹತ್ತು ಸೈನಿಕರೊಂದಿಗೆ ಶ್ರೀನಗರದಿಂದ ಹೊರಟು, ನಡುಚಳಿಯಲ್ಲಿ ಜೋಜಿಲಾ ಹತ್ತಿಳಿದು, ಮಾರ್ಚ್‌ನಲ್ಲಿ ಲೇಹ್ ಸೇರಿದರು. ಹಿಮದಲ್ಲೇ ಹುಟ್ಟಿ ಬೆಳೆದವರಿಗೆ ಅದು ಸಾಧ್ಯವಾಯಿತು. ಆದರೆ ಒಂದು ಇಡೀ ಬ್ರಿಗೇಡನ್ನು ಹಾಗೆ ದಾಟಿಸುವುದು ಆಗದ ಮಾತು.

ಆ ಬೇಸಿಗೆಯಲ್ಲಿ ಪರಿಸ್ಥಿತಿ ಕೆಟ್ಟಿತು. ಗಿಲ್ಗಿಟ್ ಕಡೆಯಿಂದ ಬಂದ ಪಡೆಗಳು ಕಾರ್ಗಿಲ್, ದ್ರಾಸ್ ಹಿಡಿದು ಜೋಜಿಲಾದ ಮೇಲೆ ಕುಳಿತವು. ಲೇಹ್‌ಗೆ ಉಳಿದದ್ದು ಆಕಾಶ ಮಾತ್ರ. ಎಂಜಿನಿಯರ್ ಸೋನಂ ನೋರ್ಬು ಊರವರನ್ನು ಕಟ್ಟಿಕೊಂಡು ಸಿಂಧೂ ದಡದಲ್ಲಿ ಸಿದ್ಧಪಡಿಸಿದ ಮಣ್ಣಿನ ಪಟ್ಟಿಯ ಮೇಲೆ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವೊಂದನ್ನು ಇಳಿಸಿದರು. ಅದರಲ್ಲಿದ್ದ ಪ್ರಯಾಣಿಕ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ, ಮಡಿಕೇರಿಯವರು. ಕಾಶ್ಮೀರ ಕಣಿವೆಯ ಡಿವಿಷನ್ ಅವರ ಕೈಯಲ್ಲಿತ್ತು. ಅವರ ಮೇಲಿದ್ದವರು ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರ್ಯಪ್ಪ, ಅವರೂ ಕೊಡಗಿನವರೇ. ಆದರೆ ಡಕೋಟಾ ಹಾರುವುದು ಮೋಡವಿಲ್ಲದ ದಿನ ಮಾತ್ರ. ಚಳಿಗಾಲದಲ್ಲಿ ಅಂಥ ದಿನಗಳನ್ನು ನಂಬಿ ಒಂದು ಊರನ್ನೂ ಸೈನ್ಯವನ್ನೂ ಸಾಕುವ ಹಾಗಿಲ್ಲ. ಮನಾಲಿಯ ದಾರಿಯೂ ಹಿಮಕ್ಕೆ ಮುಚ್ಚುತ್ತದೆ. ಹಿಮ ಬೀಳುವ ಮೊದಲು ಜೋಜಿಲಾ ಕೈಗೆ ಬರದಿದ್ದರೆ ಮುಂದಿನ ಬೇಸಿಗೆಗೆ ಲೇಹ್ ಉಳಿದಿರುತ್ತದೆಂಬ ಖಾತ್ರಿ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಕಾಲಾಳುಗಳು ಮಾಡಿದ ದಾಳಿ ವಿಫಲವಾಯಿತು. ಕಣಿವೆಯ ಎರಡೂ ಮಗ್ಗುಲಿನ ಬಂಡೆಗಳ ಸಂದಿಯಲ್ಲಿ ಮೆಷಿನ್‌ಗನ್ನುಗಳಿದ್ದವು. ಆಗ ಟ್ಯಾಂಕುಗಳನ್ನು ತರುವ ಯೋಚನೆ ಬಂತು. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮು ಕಡೆಯಿಂದ ಹೊರಟವು. ದಾರಿಯ ಸೇತುವೆಗಳು ಭಾರ ತಡೆಯಲೆಂದು, ಜೊತೆಗೆ ಯಾರಿಗೂ ಗುರುತು ಸಿಗದಿರಲೆಂದು, ಅವುಗಳ ಮೇಲಿನ ಗೋಪುರಗಳನ್ನು ಬಿಚ್ಚಿ ಬೇರೆಯಾಗಿ ಸಾಗಿಸಿದರು.

ಜೋಜಿಲಾ ಕಥೆ ಹೇಳುವವರೆಲ್ಲ ಟ್ಯಾಂಕುಗಳ ಹತ್ತಿರ ಬಂದು ನಿಲ್ಲುತ್ತಾರೆ. ನನಗೆ ಮಾತ್ರ ಅದಕ್ಕಿಂತ ದೊಡ್ಡದೆನಿಸುವುದು ರಸ್ತೆ. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಜಾಡು. ಹದಿನೈದು ಟನ್ನಿನ ಯಂತ್ರ ಅದರ ಮೇಲೆ ಹೋಗಬೇಕು. ಆ ಜಾಡನ್ನು ಒಡೆದು ಅಗಲಿಸಿದವರು ಮದ್ರಾಸ್ ಸ್ಯಾಪರ್ಸ್ ದಳದವರು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ತರಬೇತಿ ಪಡೆದು, ತಮಿಳು, ತೆಲುಗು, ಮಲಯಾಳ, ಕನ್ನಡ ಬೆರೆಸಿ ಮಾತಾಡುವ ದಕ್ಷಿಣದ ಹುಡುಗರು. ಅದಕ್ಕೆ ಮೊದಲು ಅವರಲ್ಲಿ ಎಷ್ಟು ಜನ ಹಿಮವನ್ನು ಕಣ್ಣಾರೆ ಕಂಡಿದ್ದರೋ! ಶತ್ರುವಿನ ಕಣ್ಣೆದುರಿಗೇ ಬಂಡೆ ಸಿಡಿಸಿ, ಮಣ್ಣು ಎಳೆದು, ಅಕ್ಟೋಬರ್ ಮಧ್ಯದ ಹೊತ್ತಿಗೆ ದಾರಿ ಮಾಡಿಟ್ಟರು.

ದಾರಿ ಸಿದ್ಧವಾಯಿತು, ಹವಾಮಾನ ಕೈಕೊಟ್ಟಿತು. ಅಕ್ಟೋಬರ್ ಕೊನೆಯಲ್ಲಿ ಹಿಮ ಬಿದ್ದು, ದಾಳಿಯ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ತಿಮ್ಮಯ್ಯನವರ ಇಕ್ಕಟ್ಟನ್ನು ಊಹಿಸಿಕೊಳ್ಳಿ. ಹಿಮದಲ್ಲೇ ಹೊರಟರೆ ಹೊಸದಾಗಿ ಕಡಿದ ಮಣ್ಣಿನ ರಸ್ತೆಯಲ್ಲಿ ಟ್ಯಾಂಕುಗಳು ಜಾರಿ ಕೊರಕಲು ಸೇರಬಹುದು, ಒಂದು ನಿಂತರೆ ಹಿಂದಿನದೆಲ್ಲ ನಿಂತಂತೆ. ಕಾದರೆ ಇದು ವರ್ಷದ ಕೊನೆಯ ಬಿಡುವಾಗಿ, ಮುಂದಿನ ಹಿಮ ಕರಗುವುದು ಮೇ ತಿಂಗಳಿಗೇ ಆಗಬಹುದು. ಕಾಯುವುದಕ್ಕೂ ಧೈರ್ಯ ಬೇಕು. ಅದನ್ನು ಯಾರೂ ಸ್ಮಾರಕದ ಮೇಲೆ ಕೆತ್ತಿಸುವುದಿಲ್ಲ. ಅವರು ಕಾದರು.

ನವೆಂಬರ್ 1. ಎಂಟು ವರ್ಷಗಳ ನಂತರ ನಮಗೆ ರಾಜ್ಯೋತ್ಸವವಾದ ದಿನವೇ. ಆಗ ಅದು ಬರೀ ಒಂದು ಸೋಮವಾರ. ಟ್ಯಾಂಕುಗಳು ಕೊರಕಲಿನ ಮೇಲಿನ ಜಾಡು ಹತ್ತಿ ಗುಮ್ರಿಯ ಬಯಲಿಗೆ ನುಗ್ಗಿದವು. ಮುಂದಿನ ಟ್ಯಾಂಕೊಂದರಲ್ಲಿ ತಿಮ್ಮಯ್ಯನವರೇ ಇದ್ದರೆನ್ನುತ್ತಾರೆ. ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎದುರಿನವರು ಕನಸಿನಲ್ಲೂ ಎಣಿಸಿರಲಿಲ್ಲ. ಸಂಜೆಯೊಳಗೆ ಗುಮ್ರಿ ಕೈಗೆ ಬಂತು. ಎರಡು ತಿಂಗಳು ಕಾಲಾಳುಗಳನ್ನು ತಡೆದಿದ್ದ ಜಾಗ ಒಂದೇ ಮಧ್ಯಾಹ್ನದಲ್ಲಿ ಬಿತ್ತು.

ಅಲ್ಲಿಂದ ಮುಂದೆ ಗುಂಡಿನಷ್ಟೇ ಚಳಿಯ ಜೊತೆಗೂ ಕಾದಾಟ. ಬಯಲುಸೀಮೆಯ ಯುದ್ಧಕ್ಕೆ ಒಗ್ಗಿದ್ದ ಸೈನ್ಯ, ಸಾಲದ ಬಟ್ಟೆ, ಮರಗಟ್ಟಿ ಕಪ್ಪಾಗುವ ಕಾಲ್ಬೆರಳುಗಳು. ನವೆಂಬರ್ ಮಧ್ಯದಲ್ಲಿ ದ್ರಾಸ್, ಅದೇ ತಿಂಗಳ ಕೊನೆಯ ವಾರದಲ್ಲಿ ಕಾರ್ಗಿಲ್ ಮರಳಿ ಬಂದವು, ಲೇಹ್ ಕಡೆಯಿಂದ ಬಂದ ತುಕಡಿ ಬಂದು ಕೂಡಿಕೊಂಡಿತು. 1949ರ ಜನವರಿ 1ಕ್ಕೆ ಕದನವಿರಾಮ. ಟ್ಯಾಂಕುಗಳು ಹೊರಡುವುದು ಇನ್ನೂ ತಡವಾಗಿದ್ದರೆ ಆ ಗೆರೆ ಎಲ್ಲಿ ಬೀಳುತ್ತಿತ್ತೋ.

ಒಂದು ಕಾಲಕ್ಕೆ ವರ್ಷದಲ್ಲಿ ಐದಾರು ತಿಂಗಳು ಮುಚ್ಚಿರುತ್ತಿದ್ದ ಈ ದಾರಿಯನ್ನು ಗಡಿ ರಸ್ತೆಗಳ ಸಂಸ್ಥೆಯವರು 2025ರಲ್ಲಿ 32 ದಿನಗಳಲ್ಲೇ ಮತ್ತೆ ತೆರೆದರು. ಕೆಳಗೆ ಹದಿಮೂರು ಕಿಲೋಮೀಟರ್ ಉದ್ದದ ಸುರಂಗ ಕೊರೆಯುತ್ತಿದ್ದಾರೆ. ಅದು ಮುಗಿದ ಮೇಲೆ ಭಾವ ನನಗೆ ಫೋನು ಮಾಡುವ ಅಗತ್ಯ ಬೀಳಲಾರದು.

ಈ ಸಲ ಮಾತ್ರ ಅವರಿಗೆ ಬರೆದು ಕಳಿಸಿದ್ದೇನೆ: ಹಿಂದಿನ ರಾತ್ರಿ ಸೋನಮಾರ್ಗ್‌ನಲ್ಲಿ ಉಳಿಯಿರಿ. ಏಕಮುಖ ಸಂಚಾರದ ಹೊತ್ತು ಯಾವುದೆಂದು ಅಲ್ಲಿಯ ಪೊಲೀಸರನ್ನು ಕೇಳಿ. ಮಳೆ ಬಿದ್ದಿದ್ದರೆ ಒಂದು ದಿನ ತಡೆದು ಹೋಗಿ, ಅಕ್ಕ ಏನೇ ಅವಸರಪಡಿಸಲಿ. ಬೆಳಕು ಹರಿಯುವ ಮೊದಲೇ ಹೊರಡಿ. ಏರು ಮುಗಿದು ಗುಮ್ರಿಯ ಬಯಲು ಸಿಕ್ಕಿದಾಗ ರಸ್ತೆಬದಿಯಲ್ಲಿ ಒಂದು ಯುದ್ಧ ಸ್ಮಾರಕ ಇದೆ. ಕಾರು ನಿಲ್ಲಿಸಿ ಇಳಿದು, ಹತ್ತಿ ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿ.