ದಪ್ಪ ಟಯರಿನ ಎಲೆಕ್ಟ್ರಿಕ್ ಬೈಕ್: ಕೊಳ್ಳುವ ಮೊದಲು, ‘ಲಾಕ್’ ತೆಗೆಯುವ ಮೊದಲು

ಮಡಗಾಂವ್‌ನಲ್ಲಿ ನನ್ನದೊಂದು ಮೊಬೈಲ್ ಬಿಡಿಭಾಗಗಳ ಸಣ್ಣ ಅಂಗಡಿ. ಬಂಟ್ವಾಳ, ಉಳ್ಳಾಲ, ಮಂಜೇಶ್ವರ ಕಡೆಯಿಂದ ಬಂದು ಇಲ್ಲಿ ಹೋಟೆಲ್, ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿಗಳಲ್ಲಿ ದುಡಿಯುವ ನಮ್ಮ ಹುಡುಗರು ಸಂಜೆ ಹೊತ್ತು ಬಂದು ಕೂರುವ ಜಾಗವೂ ಅದೇ. ಕೆಲವು ಸಮಯದಿಂದ ಅವರ ಬಾಯಲ್ಲಿ ಒಂದೇ ಗಾಡಿಯ ಮಾತು. ನೋಡಲು ಬುಲೆಟ್‌ನ ತಮ್ಮನ ಹಾಗೆ. ಉದ್ದ ಸೀಟು, ದುಂಡಗಿನ ಹೆಡ್‌ಲೈಟ್, ನಾಲ್ಕು ಇಂಚು ಅಗಲದ ಟಯರ್, ಪೆಡಲ್ ಇದ್ದರೂ ತುಳಿಯುವವರಿಲ್ಲ. ಲೈಸೆನ್ಸ್ ಬೇಡ, ಆರ್‌ಸಿ ಬೇಡ, ಪೆಟ್ರೋಲ್ ಬೇಡ. ಕೊನೆಗೆ ಬರುವ ಪ್ರಶ್ನೆಯೂ ಒಂದೇ: “ಇಚ್ಚಾ, ಒಂದು ವಯರ್ ತೆಗೆದರೆ ಐವತ್ತು ಓಡ್ತದಂತೆ, ಹೌದಾ?”

ಹೌದು, ಕೆಲವು ಗಾಡಿಗಳಲ್ಲಿ ಓಡುತ್ತದೆ. ಆದರೆ ಆ ವಯರಿನ ಜೊತೆ ಬೇರೆ ಏನೆಲ್ಲ ಕಳಚಿಹೋಗುತ್ತದೆ ಎಂದು ಯಾರೂ ಹೇಳುವುದಿಲ್ಲ. ನಾನು ಇಂಜಿನಿಯರ್ ಅಲ್ಲ, ಬರೀ ಬಿ.ಕಾಂ. ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಥದೊಂದು ಗಾಡಿ ತೆಗೆದುಕೊಂಡು ಹದಿನಾಲ್ಕು ತಿಂಗಳು ಅಂಗಡಿ ಸಾಮಾನು ಸಾಗಿಸಿದ್ದೇನೆ, ಬಿಚ್ಚಿದ್ದೇನೆ, ಕಟ್ಟಿದ್ದೇನೆ, ಎರಡು ಸಲ ಕೈಸುಟ್ಟುಕೊಂಡಿದ್ದೇನೆ.

ಈ ಗಾಡಿ ಎಲ್ಲಿಂದ ಬಂತು

ಈ ರೂಪವನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ‘ಸೂಪರ್73’ ಎಂಬ ಕಂಪನಿ. 2016ರಲ್ಲಿ ಜನರಿಂದ ಮುಂಗಡ ಹಣ ಸಂಗ್ರಹಿಸಿ ಮೊದಲ ಮಾದರಿ ಮಾಡಿದರು. ಹಳೇ ಕಾಲದ ಮಿನಿ ಬೈಕಿನ ಚಂದ, ಒಳಗೆ ಸೈಕಲ್ಲಿನ ಭಾಗಗಳು. ಅದರ ನಕಲು ಚೀನಾದ ಕಾರ್ಖಾನೆಗಳಿಂದ ಜಗತ್ತಿಗೆಲ್ಲ ಹರಡಿತು. ನೆದರ್ಲೆಂಡ್ಸ್‌ನಲ್ಲಿ ಇದಕ್ಕೆ ‘ಫ್ಯಾಟ್‌ಬೈಕ್’ ಎಂದೇ ಹೆಸರು. ವೇಗ ಹೆಚ್ಚಿಸಿಕೊಂಡ ಹುಡುಗರ ಕಾಟ ತಾಳಲಾರದೆ ಅಲ್ಲಿನ ಪೊಲೀಸರು ರಸ್ತೆ ಬದಿಯಲ್ಲಿ ರೋಲರ್ ಯಂತ್ರದ ಮೇಲೆ ಗಾಡಿ ನಿಲ್ಲಿಸಿ ವೇಗ ಅಳೆಯುತ್ತಾರೆ. ನಮ್ಮಲ್ಲಿ ಪುಣೆಯ ಇಮೋಟೊರಾಡ್ ಕಂಪನಿಯ ‘ಡೂಡಲ್’ 20 ಇಂಚಿನ ದಪ್ಪ ಟಯರಿನ, ಮಡಚುವ ಇ-ಸೈಕಲ್. 2021ರ ಕೊನೆಗೆ ಬಂದ ಕಾರಿಟ್ ಕಂಪನಿಯ ‘ಹೋವರ್’ ಬೈಕ್ ರೂಪದ್ದು, ಅದರ ಮಿತಿಯೂ ಗಂಟೆಗೆ 25 ಕಿ.ಮೀ. ಇವಲ್ಲದೆ ಬ್ರ್ಯಾಂಡ್ ಹೆಸರೇ ಇಲ್ಲದ, ಬಿಡಿಭಾಗ ತರಿಸಿ ಜೋಡಿಸಿದ ಗಾಡಿಗಳೂ ಉಂಟು. ಗೋವಾದಲ್ಲಿ ಹುಡುಗರ ಕೈಗೆ ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ ಈ ಕೊನೆಯ ಜಾತಿಯದ್ದು.

‘ಲೈಸೆನ್ಸ್ ಬೇಡ’ ಎಂಬುದರ ಅರ್ಥ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 2(ಯು) ನಿಯಮದಲ್ಲಿ ಇದರ ಉತ್ತರ ಉಂಟು. ಗೋವಾಕ್ಕೂ ಮಂಗಳೂರಿಗೂ ಕಾಸರಗೋಡಿಗೂ ಒಂದೇ ನಿಯಮ. ಬ್ಯಾಟರಿಯ ದ್ವಿಚಕ್ರ ಗಾಡಿ ‘ಮೋಟಾರು ವಾಹನ’ ಅಲ್ಲ ಎನಿಸಿಕೊಳ್ಳಬೇಕಾದರೆ ಮೋಟಾರಿನ 30 ನಿಮಿಷದ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಂತೆ ಇರಬೇಕು. ಸರಿಯಾದ ಬ್ರೇಕ್, ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಬೇಕು. ಇದನ್ನೆಲ್ಲ ಅಂಗಡಿಯವನು ಹೇಳಿದರೆ ಸಾಲದು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ಪರಿಶೀಲಿಸಿ ಒಪ್ಪಿರಬೇಕು.

ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಬಣ್ಣ, ರೇಂಜ್ ಅಲ್ಲ. “ಈ ಮಾದರಿಯ ಟೆಸ್ಟ್ ಸರ್ಟಿಫಿಕೇಟಿನ ಪ್ರತಿ ಕೊಡಿ” ಎಂದು ಕೇಳಿ. ಕೊಟ್ಟರೆ ಫೋಟೋ ತೆಗೆದು ಫೋನಲ್ಲಿ ಇಟ್ಟುಕೊಳ್ಳಿ, ಬಿಲ್ಲಿನಲ್ಲಿ ಮಾದರಿಯ ಹೆಸರು ಮತ್ತು ಫ್ರೇಮ್ ನಂಬರ್ ಬರೆಸಿಕೊಳ್ಳಿ. “ಅದೆಲ್ಲ ಬೇಡ ಭಾಯ್, ಯಾರೂ ಕೇಳೋದಿಲ್ಲ” ಎಂದರೆ ಆ ಗಾಡಿ ಅಲ್ಲೇ ಇರಲಿ. ನಾನು ಇದನ್ನು ಕೇಳದೆ ತೆಗೆದುಕೊಂಡವನು, ಹಾಗಾಗಿ ಹೇಳುತ್ತಿದ್ದೇನೆ. ನನ್ನ ಗಾಡಿಯ ಮೊದಲ ಮಾಲೀಕ ಲಾಕ್ ತೆಗೆದಿದ್ದಾನೆ ಎಂದು ನನಗೆ ಗೊತ್ತಾದದ್ದು ಮೂರನೇ ದಿನ, ಹೆದ್ದಾರಿಯಲ್ಲಿ ಮೀಟರ್ 43 ತೋರಿಸಿದಾಗ. ಅಲ್ಲಿಯವರೆಗೆ ಗಾಡಿ ಒಳ್ಳೇ ಕಂಡಿಷನ್‌ನಲ್ಲಿ ಉಂಟೆಂದು ಖುಷಿಪಟ್ಟಿದ್ದೆ.

ಗಾಡಿಯನ್ನು ಅಳೆಯುವುದು ಹೇಗೆ

ಕಂಪನಿ ಹೇಳುವ ‘ರೇಂಜ್’ ಬದಿಗಿಡಿ. ಬ್ಯಾಟರಿಯ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್-ಅವರ್ ಗುಣಿಸಿ. 48 ವೋಲ್ಟ್, 20 ಎಎಚ್ ಎಂದರೆ 960 ವ್ಯಾಟ್-ಅವರ್. ಪೆಡಲ್ ತುಳಿಯದೆ 25ರ ವೇಗದಲ್ಲಿ ಹೋದರೆ ದಪ್ಪ ಟಯರಿನ ಗಾಡಿ ಒಂದು ಕಿ.ಮೀ.ಗೆ ಸುಮಾರು 15ರಿಂದ 20 ವ್ಯಾಟ್-ಅವರ್ ತಿನ್ನುತ್ತದೆ. ಅಂದರೆ ಐವತ್ತು ಕಿ.ಮೀ. ಆಸುಪಾಸು. ವೇಗ 40 ದಾಟಿದರೆ ಗಾಳಿಯ ತಡೆ ಏರಿ ಅದೇ ಬ್ಯಾಟರಿ ಮೂವತ್ತು ಚಿಲ್ಲರೆಗೆ ಮುಗಿಯುತ್ತದೆ.

ಈಗ ವ್ಯಾಪಾರಿಯ ಲೆಕ್ಕ. ಕರೆಂಟಿನ ಖರ್ಚು ಏನೇನೂ ಅಲ್ಲ. ಐವತ್ತು ಕಿ.ಮೀ.ಗೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ನಿಜವಾದ ಖರ್ಚು ಬ್ಯಾಟರಿಯ ಸವಕಳಿ. ಹೊಸ ಬ್ಯಾಟರಿಗೆ 25,000 ರೂಪಾಯಿ, ಬಾಳಿಕೆ 500 ಪೂರ್ತಿ ಚಾರ್ಜ್ ಎಂದು ಹಿಡಿಯಿರಿ. ಒಂದು ಚಾರ್ಜಿಗೆ 50 ಕಿ.ಮೀ. ಓಡಿದರೆ ಒಟ್ಟು 25,000 ಕಿ.ಮೀ., ಅಂದರೆ ಕಿ.ಮೀ.ಗೆ ಒಂದು ರೂಪಾಯಿ. 45 ಕಿ.ಮೀ. ಮೈಲೇಜಿನ ಸ್ಕೂಟರ್‌ಗೆ ಪೆಟ್ರೋಲ್ ಲೀಟರಿಗೆ 100 ರೂಪಾಯಿ ಲೆಕ್ಕದಲ್ಲಿ ಎರಡು ಕಾಲು ರೂಪಾಯಿ ಬೀಳುತ್ತದೆ. ಲಾಭ ಉಂಟು. ಆದರೆ ವೇಗ ಹೆಚ್ಚಿಸಿ ಚಾರ್ಜಿಗೆ 32 ಕಿ.ಮೀ. ಮಾತ್ರ ಸಿಕ್ಕಿದರೆ ಬ್ಯಾಟರಿಯ ಪಾಲೇ ಒಂದೂವರೆ ರೂಪಾಯಿ ದಾಟಿತು, ಬಿಸಿಯಾಗಿ ಬೇಗ ಸಾಯುವುದು ಬೇರೆ. ಪೆಟ್ರೋಲ್ ಉಳಿಸಲು ಗಾಡಿ ಕೊಂಡವನು ಲಾಕ್ ತೆಗೆದ ದಿನವೇ ಆ ಉಳಿತಾಯದ ಅರ್ಧಕ್ಕರ್ಧ ಬಿಟ್ಟುಕೊಟ್ಟ.

ಏರು ರಸ್ತೆಯದು ಇನ್ನೊಂದು ಲೆಕ್ಕ. ಗಾಡಿ 35 ಕಿಲೋ, ಸವಾರ 75 ಕಿಲೋ, ಒಟ್ಟು 110. ನೂರು ಅಡಿಗೆ ಹತ್ತು ಅಡಿ ಏರುವ ದಾರಿಯಲ್ಲಿ 250 ವ್ಯಾಟ್ ಪೂರ್ತಿ ಚಕ್ರಕ್ಕೇ ಹೋದರೂ ವೇಗ ಗಂಟೆಗೆ ಎಂಟು ಕಿ.ಮೀ. ಹಿಂದೆ ಒಬ್ಬ ಕೂತರೆ ಐದು, ಅಂದರೆ ನಡಿಗೆಯ ವೇಗ. ಮಡಗಾಂವ್‌ನ ಮೊಂತೆ ಗುಡ್ಡ, ಪಣಜಿಯ ಆಲ್ತಿನೊ ಹತ್ತುವಾಗ ಪೆಡಲ್ ತುಳಿಯಲೇಬೇಕು. ಆದರೆ ಬೈಕ್ ಚಂದದ ತಗ್ಗು ಸೀಟಿನಲ್ಲಿ ಮೊಣಕಾಲು ಎದೆಗೆ ಬಂದು ತುಳಿಯಲಿಕ್ಕೆ ಆಗುವುದಿಲ್ಲ. ಕೊಳ್ಳುವಾಗ ಸಮತಟ್ಟಿನಲ್ಲಿ ಒಂದು ಸುತ್ತು ಹಾಕಿ ಬರಬೇಡಿ, ಏರಿನಲ್ಲಿ ಓಡಿಸಿ ನೋಡಿ. ದೀವಾರ್, ಚೋಡಣದಂಥ ದ್ವೀಪಗಳಿಗೆ ಫೆರಿಯಲ್ಲಿ ದಾಟಿ ಆ ಗದ್ದೆ ನಡುವಿನ ಸಮ ರಸ್ತೆಯಲ್ಲಿ ಹೋಗುವುದಾದರೆ ಇದಕ್ಕಿಂತ ಒಳ್ಳೇ ಗಾಡಿ ಬೇರೆ ಇಲ್ಲ, ಅದು ಬೇರೆ ಮಾತು.

ಆ ದಪ್ಪ ಟಯರ್ ಹುಟ್ಟಿದ್ದು ಹಿಮ, ಮರಳಿಗೆ. ಗೋವಾದಲ್ಲಿ ಮರಳಿಗೇನು ಕಡಿಮೆ ಎಂದು ಬೀಚಿಗೆ ಇಳಿಸಬೇಡಿ. ಇಲ್ಲಿ ಸಮುದ್ರ ತೀರದಲ್ಲಿ ವಾಹನ ಓಡಿಸಿದವರ ಮೇಲೆ ಪೊಲೀಸರು ಕೇಸು ಹಾಕುತ್ತಾರೆ. ಮೋರ್ಜಿ, ಆಗೊಂದ, ಗಾಲ್ಜಿಬಾಗ ತೀರಗಳಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. “ಇದು ಸೈಕಲ್ ಸಾರ್” ಎಂಬ ವಾದ ಅಲ್ಲಿ ನಿಲ್ಲುತ್ತದೆಂದು ನಂಬಬೇಡಿ.

ಮಾಡಿಸಬೇಕಾದ ಬದಲಾವಣೆ

ಕೊಂಡವರೆಲ್ಲ ಮೊದಲು ಖರ್ಚು ಮಾಡುವುದು ಸ್ಟಿಕ್ಕರ್, ಎಲ್‌ಇಡಿ ಪಟ್ಟಿ, ಬ್ಲೂಟೂತ್ ಸ್ಪೀಕರಿಗೆ. ಅದನ್ನು ಮಾರುವವನು ನಾನೇ, ಬೇಡ ಎನ್ನುವುದಿಲ್ಲ. ಆದರೆ ಮೊದಲ ಹಣ ಬ್ರೇಕಿಗೆ ಹೋಗಲಿ.

ಕಡಿಮೆ ಬೆಲೆಯ ಗಾಡಿಗಳಲ್ಲಿ ಡಿಸ್ಕ್ ಬ್ರೇಕ್ ಇದ್ದರೂ ಅದನ್ನು ಎಳೆಯುವುದು ಸೈಕಲ್ಲಿನ ತಂತಿ. ತಂತಿ ಸಡಿಲಾಗುತ್ತದೆ, ಪ್ಯಾಡ್ ಸವೆದದ್ದು ಗೊತ್ತಾಗುವುದಿಲ್ಲ. ಜುಲೈಯ ಒಂದು ಬೆಳಿಗ್ಗೆ ಹಿಂದೆ ಎರಡು ಪೆಟ್ಟಿಗೆ ಸಾಮಾನು ಕಟ್ಟಿಕೊಂಡು ಮೊಂತೆ ಗುಡ್ಡ ಇಳಿಯುತ್ತಿದ್ದೆ. ಮಳೆ ಹನಿಯುತ್ತಿತ್ತು. ಬ್ರೇಕ್ ಹಿಡಿ ಪೂರ್ತಿ ಒತ್ತಿದರೂ ಗಾಡಿ ನಿಲ್ಲಲಿಲ್ಲ. ತಿರುವಿನಲ್ಲಿ ಎದುರಿಂದ ಬಸ್ ಬಾರದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಅದೇ ವಾರ ಹೈಡ್ರಾಲಿಕ್ ಬ್ರೇಕ್ ಹಾಕಿಸಿದೆ. ಹಾಕಿಸುವಾಗ ಒಂದು ವಿಷಯ ನೆನಪಿರಲಿ. ಬ್ರೇಕ್ ಹಿಡಿದ ಕೂಡಲೇ ಮೋಟಾರಿಗೆ ಕರೆಂಟ್ ನಿಲ್ಲಿಸುವ ಸ್ವಿಚ್ಚು ಹಿಡಿಯಲ್ಲೇ ಇರುತ್ತದೆ. ಸ್ವಿಚ್ಚಿಲ್ಲದ ಹಿಡಿ ಹಾಕಿದರೆ ನೀವು ಬ್ರೇಕ್ ಒತ್ತುವಾಗಲೂ ಮೋಟಾರ್ ಮುಂದಕ್ಕೆ ತಳ್ಳಬಹುದು.

ಎರಡನೆಯದು ಮಳೆ ಮತ್ತು ಉಪ್ಪುಗಾಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಸುರಿಯುವ ಮಳೆ ನಮ್ಮ ಊರಿಗೇನೂ ಕಮ್ಮಿ ಇಲ್ಲ. ಪೂರ್ತಿ ಉದ್ದದ ಮಡ್‌ಗಾರ್ಡ್ ಹಾಕಿಸಿ, ಇಲ್ಲದಿದ್ದರೆ ದಪ್ಪ ಟಯರ್ ಎತ್ತುವ ಕೆಂಪು ನೀರು ಬೆನ್ನಿಗೂ ಕಂಟ್ರೋಲರಿಗೂ ಸಮ ಪಾಲು. ವಯರ್ ಜೋಡಣೆಗಳನ್ನು ಬಿಚ್ಚಿ ಎಲೆಕ್ಟ್ರಿಕಲ್ ಗ್ರೀಸ್ ಹಚ್ಚಬೇಕು. ಪೈಪಿನ ನೀರು ಜೋರಾಗಿ ಬಿಟ್ಟು ತೊಳೆಯಬಾರದು. ಕಡಲ ಬದಿಯಲ್ಲಿ ಇರುವವರು ಸ್ಪೋಕಿನ ಬುಡ ತಿಂಗಳಿಗೊಮ್ಮೆ ನೋಡಿ, ತುಕ್ಕು ಹಿಡಿಯುವುದು ಅಲ್ಲಿಂದಲೇ.

ಗಾಳಿಯ ವಿಷಯ: ಇಂಥ ಟಯರಿಗೆ ಸ್ಕೂಟರಿನ ಒತ್ತಡ ಬೇಡ. ಟಯರ್ ಬದಿಯಲ್ಲಿ ಬರೆದಿರುವ ಮಿತಿ ನೋಡಿ, ಡಾಂಬರಿಗೆ ಸಾಮಾನ್ಯವಾಗಿ 20 ಪಿಎಸ್‌ಐ ಆಸುಪಾಸು ಸಾಕು. ತೀರಾ ಕಡಿಮೆಯಾದರೆ ತಿರುವಿನಲ್ಲಿ ಹ್ಯಾಂಡಲ್ ತಾನೇ ಎಳೆಯುತ್ತದೆ.

ಆ ಒಂದು ವಯರ್

ವೇಗದ ಲಾಕ್ ಎಂದರೆ ಕೆಲವು ಗಾಡಿಗಳಲ್ಲಿ ಕಂಟ್ರೋಲರಿನಿಂದ ಹೊರಟ ಒಂದು ವಯರ್, ಕೆಲವದರಲ್ಲಿ ಡಿಸ್‌ಪ್ಲೇಯೊಳಗಿನ ಒಂದು ಸೆಟ್ಟಿಂಗ್. ತೆಗೆಯುವುದು ಎರಡು ನಿಮಿಷದ ಕೆಲಸ. ಅಲ್ಲಿಗೆ ನಿಂತರೂ ಅಡ್ಡಿಯಿರಲಿಲ್ಲವೇನೋ, ನಿಲ್ಲುವುದಿಲ್ಲ. ಮುಂದೆ ದೊಡ್ಡ ಕಂಟ್ರೋಲರ್ ಬರುತ್ತದೆ, ಆಮೇಲೆ 52 ವೋಲ್ಟಿನ ಬ್ಯಾಟರಿ, ಆಮೇಲೆ ಸಾವಿರ ವ್ಯಾಟಿನ ಮೋಟಾರ್. ಫ್ರೇಮ್ ಮಾತ್ರ ಅದೇ. ಶಕ್ತಿ ಹೆಚ್ಚಾದಾಗ ಹಿಂದಿನ ಚಕ್ರದ ಅಚ್ಚು ತನ್ನ ಗಾಡಿಯಲ್ಲೇ ತಿರುಗಿ ವಯರ್ ಕತ್ತರಿಸಿಕೊಂಡು ಚಕ್ರ ಕಳಚುವುದುಂಟು. ಅದನ್ನು ತಡೆಯಲು ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ಬೇಕು, ಹಾಕುವವರು ಕಡಿಮೆ. 25ರಲ್ಲಿ ಹೋಗುವ ಗಾಡಿ 50ರಲ್ಲಿ ಹೋದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಎರಡರಷ್ಟಲ್ಲ, ನಾಲ್ಕರಷ್ಟು ದೂರ ಬೇಕು. ತಂತಿ ಬ್ರೇಕಿನ ಕಥೆ ಆಗಲೇ ಹೇಳಿದೆ.

ಕಾನೂನಿನ ಬಾಗಿಲೂ ಅಲ್ಲೇ ಮುಚ್ಚುತ್ತದೆ. 25 ದಾಟಿದ ಗಾಡಿಗೆ ಮೇಲೆ ಹೇಳಿದ ವಿನಾಯಿತಿ ಇಲ್ಲ. ಅದೀಗ ನೋಂದಣಿ, ವಿಮೆ, ಲೈಸೆನ್ಸ್ ಮೂರೂ ಇಲ್ಲದ ಮೋಟಾರು ವಾಹನ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲೈಸೆನ್ಸ್ ಇಲ್ಲದ್ದಕ್ಕೆ 5,000 ರೂಪಾಯಿ, ವಿಮೆ ಇಲ್ಲದ್ದಕ್ಕೆ ಮೊದಲ ಸಲ 2,000, ನೋಂದಣಿ ಇಲ್ಲದ್ದಕ್ಕೆ 5,000ದವರೆಗೆ ದಂಡ. ಅನುಮತಿ ಇಲ್ಲದೆ ವಾಹನ ಮಾರ್ಪಡಿಸಿದರೆ ಪ್ರತಿ ಮಾರ್ಪಾಡಿಗೆ 5,000 ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಓಡಿಸಿದ್ದು ಹದಿನೆಂಟು ತುಂಬದ ಹುಡುಗನಾದರೆ 199ಎ ಕಲಂ ಪ್ರಕಾರ ಹೆತ್ತವರ ಅಥವಾ ಮಾಲೀಕರ ಮೇಲೆ 25,000 ದಂಡ, ಮೂರು ವರ್ಷದವರೆಗೆ ಜೈಲು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಗಲ್ಫ್‌ಗೆ ಡ್ರೈವರ್ ಕೆಲಸಕ್ಕೆ ಹೋಗುವ ಯೋಚನೆ ಇರುವ ಮನೆಯವರು ಇದನ್ನು ಇನ್ನೊಮ್ಮೆ ಓದಬೇಕು.

ದಂಡ ಕಟ್ಟಿ ಮುಗಿಸಬಹುದು. ಯಾರಿಗಾದರೂ ಗುದ್ದಿದರೆ ಮುಗಿಯುವುದಿಲ್ಲ. ವಿಮೆ ಇದ್ದ ಗಾಡಿಯಾದರೆ ಪರಿಹಾರದ ಹಣ ಕಂಪನಿ ಕೊಡುತ್ತದೆ. ಇಲ್ಲಿ ಟ್ರಿಬ್ಯೂನಲ್ ಎಷ್ಟು ಹೇಳುತ್ತದೋ ಅಷ್ಟನ್ನೂ ಮಾಲೀಕ ಕೈಯಿಂದ ಕಟ್ಟಬೇಕು. ದುಡಿಯುವ ಗಂಡಸಿನ ಜೀವ ಹೋದರೆ ಅವನ ವಯಸ್ಸು, ಸಂಬಳ, ಅವಲಂಬಿತರನ್ನು ನೋಡಿ ಪರಿಹಾರ ಲೆಕ್ಕ ಹಾಕುತ್ತಾರೆ, ಅದು ಸುಲಭವಾಗಿ ಹತ್ತಾರು ಲಕ್ಷಕ್ಕೆ ಹೋಗುತ್ತದೆ. ತಿಂಗಳ ಸಂಬಳದಿಂದ ಊರಿಗೆ ಹಣ ಕಳಿಸುವ ಹುಡುಗ ಅದನ್ನು ಎಲ್ಲಿಂದ ತರುವುದು? ಐವತ್ತರ ವೇಗ ಬೇಕೇ ಬೇಕು ಎನ್ನುವವರು ಹಸಿರು ನಂಬರ್ ಪ್ಲೇಟಿನ, ನೋಂದಣಿಯಾದ ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಳ್ಳಿ. ಸ್ಟೈಲ್ ಸ್ವಲ್ಪ ಕಮ್ಮಿ, ಅಷ್ಟೇ.

ರೂಮಿನಲ್ಲಿ ಚಾರ್ಜ್

ಒಂದೇ ರೂಮಿನಲ್ಲಿ ಐದಾರು ಜನ ಮಲಗುವ ಹುಡುಗರಿಗೆ ಇದು. 2022ರಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಮೇಲೆ ನೋಂದಣಿಯಾಗುವ ಗಾಡಿಗಳ ಬ್ಯಾಟರಿಗೆ ಎಐಎಸ್ 156 ಪರೀಕ್ಷೆಯನ್ನು ಬಿಗಿ ಮಾಡಿದರು. ಹಳೇ ಸೆಲ್ ಸೇರಿಸಿ ಗಲ್ಲಿಯಲ್ಲಿ ಕಟ್ಟಿಸಿದ ಬ್ಯಾಟರಿಗೆ ಅಂಥ ಯಾವ ಪರೀಕ್ಷೆಯೂ ಆಗಿರುವುದಿಲ್ಲ. 48 ವೋಲ್ಟಿನ ಲಿಥಿಯಂ-ಅಯಾನ್ ಬ್ಯಾಟರಿ ಪೂರ್ತಿ ತುಂಬಿದಾಗ 54.6 ವೋಲ್ಟ್. ಚಾರ್ಜರಿನ ಮೇಲೆ ಅದೇ ಸಂಖ್ಯೆ ಇರಬೇಕು. ಪಿನ್ನು ಹೊಂದಿತು ಎಂದು ಇನ್ನೊಬ್ಬನ 58ರ ಚಾರ್ಜರ್ ಚುಚ್ಚಬೇಡಿ. ರಾತ್ರಿ ಹಾಕಿ ಮಲಗಬೇಡಿ, ಎಚ್ಚರ ಇರುವ ಹೊತ್ತಿಗೆ ಹಾಕಿ. ಗಾಡಿಯನ್ನು ಬಾಗಿಲ ಬಳಿ ನಿಲ್ಲಿಸಿ ಚಾರ್ಜ್ ಮಾಡುವ ಅಭ್ಯಾಸ ಎಲ್ಲರಿಗೂ ಉಂಟು, ಪ್ಲಗ್ ಇರುವುದು ಅಲ್ಲೇ. ಬೆಂಕಿ ಹತ್ತಿದರೆ ಹೊರಗೆ ಓಡುವ ದಾರಿಯೂ ಅದೊಂದೇ. ಬ್ಯಾಟರಿ ಬಿಚ್ಚಲು ಬರುವುದಾದರೆ ಜಗಲಿಗೆ ತಂದು, ಒದ್ದೆಯಾಗದ ಕಡೆ ಸಿಮೆಂಟ್ ನೆಲದ ಮೇಲಿಟ್ಟು ಚಾರ್ಜ್ ಮಾಡಿ. ಬಿದ್ದು ಉಬ್ಬಿದ, ನೀರು ಕುಡಿದ ಬ್ಯಾಟರಿಗೆ ಚಾರ್ಜರ್ ತೋರಿಸಲೇಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಿಂದಿನ ಚಕ್ರ ನೆಲದಿಂದ ಎತ್ತಿ, ಆಕ್ಸಿಲರೇಟರ್ ತಿರುಗಿಸಿ ಮೀಟರ್ ನೋಡಿ. ಚಕ್ರ ಗಾಳಿಯಲ್ಲಿ ತಿರುಗುವಾಗ 25ರ ಆಸುಪಾಸಿನಲ್ಲಿ ನಿಂತರೆ ಲಾಕ್ ಇದೆ, 45ಕ್ಕೆ ಏರಿದರೆ ಯಾರೋ ಕೈಯಾಡಿಸಿದ್ದಾರೆ. ಮೀಟರನ್ನೂ ತಿದ್ದಿರಬಹುದು, ಹಾಗಾಗಿ ರಸ್ತೆಯಲ್ಲಿ ಫೋನಿನ ಜಿಪಿಎಸ್ ಜೊತೆ ಹೋಲಿಸಿ ನೋಡಿ. ಮತ್ತೆ ಗಾಡಿಯ ಜೊತೆ ಎರಡು ಟ್ಯೂಬ್ ಕೇಳಿ ತೆಗೆದುಕೊಳ್ಳಿ. 20 ಇಂಚಿಗೆ 4 ಇಂಚಿನ ಟ್ಯೂಬ್ ಮಡಗಾಂವ್‌ನ ಸೈಕಲ್ ಅಂಗಡಿಗಳಲ್ಲಿ ನಾನು ಕೇಳಿದಲ್ಲೆಲ್ಲ ಇರಲಿಲ್ಲ. ಆನ್‌ಲೈನಿನಲ್ಲಿ ಬರುವಷ್ಟು ದಿನ ಗಾಡಿ ಅಂಗಡಿ ಎದುರೇ ನಿಂತಿತ್ತು, ನಾನು ಪೆಟ್ಟಿಗೆ ಹೊತ್ತುಕೊಂಡು ಪೈಲಟ್ ಬೈಕಿನ ಹಿಂದೆ ಕೂತು ಓಡಾಡಿದೆ.